ಗುಡುಗಿನ ಬತ್ತಿ

ಉರ್ಸುಸ್ ಟ್ರ್ಯಾಕ್ಟರಿನ ಬೆನ್ನ ಹಿಂದೆ
ಮೊಣಕಾಲೂರಿ ಇದು ಮೂರನೆಯ ದಿನ.
ಮಾರ್ಚಿ ತಿಂಗಳು. ಕೊಟ್ಟಿಗೆಯ ಹೊರಗೆ
ಗಾಲಿಯ ಜಾಡಿನಲ್ಲಿ ನಿಂತ ನೀರು
ಬೆಳಿಗ್ಗೆ ಗಾಜು, ಮಧ್ಯಾಹ್ನ ಕೆಸರು.
ನರೆವ್ ಹೊಳೆಯ ಮೇಲುದಂಡೆಯಲ್ಲಿ
ರೈ ಪೈರು ಹಿಮದಡಿಯಿಂದ ತಲೆಯೆತ್ತಿದೆ,
ಗೊಬ್ಬರ ಕೇಳುತ್ತಿದೆ.
ಚೆಲ್ಲುವ ಯಂತ್ರ ಸಿದ್ಧವಾಗಿ ನಿಂತಿದೆ.
ಅದು ಕೈಹಿಡಿಯಬೇಕಾದ ದಂಡದ ತುದಿಯಲ್ಲಿ ಮಾತ್ರ
ಬೇರೆ ಯಾರದೋ ಕೈ.

ಭಾವ ಝೆನೋನ್ ಎಲೆ ಉದುರುವ ಕಾಲಕ್ಕೆ ಒಯ್ದಿದ್ದ,
ಸೌದೆಯ ಗರಗಸ ತಿರುಗಿಸಲಿಕ್ಕೆ.
ತಂದು ನಿಲ್ಲಿಸಿದಾಗ ಟ್ಯಾಂಕಿನ ತುಂಬ ಡೀಸೆಲ್ಲು,
ಸೀಟು ಒರೆಸಿ ಫಳಫಳ.
ಕಪ್ಲರ್ ಮಾತ್ರ ಅಲ್ಲೇ ಇತ್ತು.
"ನಾನೇನೂ ಮಾಡಿಲ್ಲ, ಪಿನ್ ಒತ್ತಿ ಎಳೆ, ಬರ್ತದೆ."

ಪಿನ್ ಒತ್ತಿದೆ. ಎಳೆದೆ.
ಜಪ್ಪಯ್ಯ ಅಂದರೂ ಬರಲಿಲ್ಲ.

ಮೊದಲ ದಿನ ಎಣ್ಣೆ,
ಹಸುಗೂಸಿಗೆ ಹಾಲು ಕೊಟ್ಟ ಹಾಗೆ
ಗಂಟೆಗೊಮ್ಮೆ ನಾಕು ತೊಟ್ಟು.
ಎರಡನೆಯ ದಿನ ಸುತ್ತಿಗೆ. ನೇರ ಹೊಡೆಯುವ ಹಾಗಿಲ್ಲ,
ಏಟು ದಂಡ ಹಿಡಿದು ಒಳಗೆ ಹೋಗಿ
ಬೇರಿಂಗಿನ ಜೀವ ತೆಗೆಯುತ್ತದೆ.
ಬದಿಯಿಂದ, ಸುತ್ತ, ಬಾಗಿಲು ತಟ್ಟುವವರ ಹಾಗೆ ತಟ್ಟಿದೆ.
ಒಳಗೆ ಯಾರೂ ಏಳಲಿಲ್ಲ.
ಅಂಚೆಯವ ಸೈಕಲ್ ನಿಲ್ಲಿಸಿ ಹೇಳಿದ:
"ಬರ್ಚ್ ಮರಕ್ಕೆ ಸರಪಳಿ ಬಿಗಿ, ಗಾಡಿ ಮುಂದಕ್ಕೆ ಬಿಡು."
ಮರದ ಕಡೆ ನೋಡಿದೆ, ಸರಪಳಿಯ ಕಡೆ ನೋಡಿದೆ,
ನನ್ನ ಎರಡು ಕಣ್ಣು ನೆನೆದೆ.
ಬೇಡ ಅಂದೆ.

ಇವತ್ತು ಬೆಂಕಿ.
ಹನ್ನೊಂದರ ಕಿಂಗಾ ಒದ್ದೆ ಬಟ್ಟೆ ಸುತ್ತಿದಳು,
ಎಣ್ಣೆ ಸೀಲು ಸುಡದ ಹಾಗೆ.
ಹೊರಗಿನದು ಹಿಗ್ಗಬೇಕು, ಒಳಗಿನದು ಹಿಗ್ಗಬಾರದು,
ಇಷ್ಟೇ ವಿದ್ಯೆ.
ಆದರೆ ಕಬ್ಬಿಣಕ್ಕೆ ಗುಟ್ಟು ಗೊತ್ತಿಲ್ಲ,
ಹೊರಗೆ ಹೇಳಿದ್ದನ್ನು ಒಳಗೂ ಹೇಳಿಬಿಡುತ್ತದೆ.
ಎರಡೂ ಹಿಗ್ಗಿದವು. ಉಡದ ಪಟ್ಟು ಉಡದ ಪಟ್ಟೇ.

ಆಗ ಬಂದಳು ಗೆನೊವೆಫಾ ಅತ್ತೆ,
ಏಪ್ರನ್ನಿನ ಜೇಬಿನಲ್ಲಿ ಗ್ರೋಮ್ನಿತ್ಸಾ.
ಫೆಬ್ರವರಿಯ ಚಳಿಯಲ್ಲಿ ಪಾದ್ರಿ ಹರಸಿದ ಬತ್ತಿ,
ಅಪ್ಪಟ ಜೇನುಮೇಣ.
ಸಿಡಿಲು ಮನೆಯ ಮೇಲೆ ಬಂದಾಗ ಕಿಟಕಿಗೆ,
ಸಾಯುವವರ ಕೈಗೆ, ಮತ್ತೆಲ್ಲಿಗೂ ಇಲ್ಲ.
"ಅಪ್ಪ ನೇಗಿಲ ಬೋಲ್ಟಿಗೆ ಹಚ್ಚುತ್ತಿದ್ದ,"
ಅಂದಳು, ಯಾರ ಮುಖವನ್ನೂ ನೋಡದೆ.
"ದೇವರಿಗೆ ಗೊತ್ತು. ಅಮ್ಮನಿಗೆ ಗೊತ್ತಿರಲಿಲ್ಲ."

ಕಾದ ಕಪ್ಲರಿನ ಬಾಯಿಗೆ ಬತ್ತಿ ತಾಗಿಸಿದೆ.
ಮೇಣ ನೀರಾಯಿತು, ನಿಂತಿತು, ಯೋಚಿಸಿತು,
ಮತ್ತೆ ಸುರ್ರನೆ ಒಳಗೆ.
ಕೊಟ್ಟಿಗೆಯೆಲ್ಲ ಇಗರ್ಜಿಯ ವಾಸನೆ.
ಹಸು ಮೂತಿ ಎತ್ತಿತು.
ಪುಲ್ಲರಿನ ಕಾಲು ಕಚ್ಚಿಸಿ ಕಾಲು ಸುತ್ತು, ಇನ್ನೊಂದು ಕಾಲು ಸುತ್ತು,
ಹುರಿಗಡಲೆ ಜಗಿದಂಥ ಸಣ್ಣ ಸದ್ದು,
ಉಗುರಿನಷ್ಟು
ಬಂತು.
ಉಳಿದದ್ದು ಕಿಂಗಾಳೇ ಎಳೆದಳು, ಚರ್ಮದ ಗ್ಲೌಸು ತೊಟ್ಟು.

ತುಕ್ಕು ಎಂದುಕೊಂಡಿದ್ದೆ. ತುಕ್ಕಲ್ಲ.
ದಂಡದ ಒಂದು ತೋಡಿನಲ್ಲಿ ತಗಡಿನ ಪಟ್ಟಿ,
ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು,
ಗಡಗಡ ಅನ್ನದ ಹಾಗೆ ಬೆಣೆ.
ಒರೆಸಿದರೆ ನೀಲಿ ಬಣ್ಣ,
ಹೆರಿಂಗ್ ಮೀನಿನ ಅರ್ಧ ಬಾಲ.

ಭಾನುವಾರ ಝೆನೋನ್ ಬಂದ, ಮೊಟ್ಟೆಯ ಬುಟ್ಟಿ ಹಿಡಿದು.
ಉಜ್ಜಿ ತೊಳೆದ ಕಪ್ಲರನ್ನು ಅವನ ಕೈಗಿಟ್ಟೆ.
ಮಾತು ಗೊಬ್ಬರದ್ದು, ಮಗಳ ಶಾಲೆಯದ್ದು.
ಅವನ ತೋರುಬೆರಳು ಮಾತ್ರ ತಾನಾಗಿ ಒಳಗಿಳಿದು
ಒಂದೊಂದೇ ತೋಡು ಸವರಿತು, ಆರನ್ನೂ.
ನಿಂತಿತು.
"ಏನು ಹಾಕಿ ಬಿಡಿಸಿದೆ?"
"ಮೇಣ."
ತಗಡು ನನ್ನ ಕೋಟಿನ ಜೇಬಿನಲ್ಲಿತ್ತು,
ಅಲ್ಲೇ ಇರಲಿ ಅನ್ನಿಸಿತು.

ಮೇ ತಿಂಗಳ ಮೊದಲ ಸಿಡಿಲಿಗೆ
ಅತ್ತೆ ಹೆಬ್ಬೆರಳಿನಷ್ಟು ಉಳಿದ ಬತ್ತಿ ಹಚ್ಚಿದಳು.
ಅರ್ಧ ಮಳೆಗೇ ಮುಗಿಯಿತು.
ಉಳಿದ ಗುಡುಗನ್ನು ಮೂವರೂ ಕತ್ತಲಲ್ಲೇ ಕೇಳಿದೆವು,
ನಗು ತಡೆಯಲಾರದೆ.